ಕೋಳಿಗಳಿಗೂ ಅಂಟುವ ಕ್ಯಾನ್ಸರ್: ಲಸಿಕೆ ಬಂದು ಅರ್ಧ ಶತಮಾನವಾದರೂ ವೈರಸ್ ಹೋಗಿಲ್ಲವೇಕೆ?

ಕೋಳಿ ತಿಂದರೆ ಕ್ಯಾನ್ಸರ್ ಬರುತ್ತದೆಯೇ? ಈ ಪ್ರಶ್ನೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಕೋಳಿಗಳಿಗೆ ಕ್ಯಾನ್ಸರ್ ಬರುವುದು ನಿಜ. ಅದು ವೈರಸ್‌ನಿಂದ ಬರುತ್ತದೆ, ಒಂದು ಕೋಳಿಯಿಂದ ಇನ್ನೊಂದಕ್ಕೆ ಅಂಟುತ್ತದೆ ಎನ್ನುವುದೂ ನಿಜ. ಆದರೆ ಈ ವೈರಸ್‌ಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ವಾಸ್ತವದಲ್ಲಿ ಮನುಷ್ಯರ ಕ್ಯಾನ್ಸರ್ ಬಗ್ಗೆ ವಿಜ್ಞಾನಕ್ಕೆ ತಿಳಿದಿರುವ ಹಲವು ಮೂಲಭೂತ ಸಂಗತಿಗಳು ಹೊರಬಿದ್ದದ್ದೇ ಕೋಳಿಗಳಿಂದ.

ಒಂದು ಕೋಳಿ, ಮೂರು ನೊಬೆಲ್

1908ರಲ್ಲಿ ಡೆನ್ಮಾರ್ಕ್‌ನ ಎಲ್ಲರ್‌ಮನ್ ಮತ್ತು ಬ್ಯಾಂಗ್ ಎಂಬ ಇಬ್ಬರು ವಿಜ್ಞಾನಿಗಳು, ಕೋಳಿಗಳ ರಕ್ತ ಕ್ಯಾನ್ಸರನ್ನು ಜೀವಕೋಶಗಳಿಲ್ಲದ ಸೋಸಿದ ದ್ರವದ ಮೂಲಕವೂ ಹರಡಿಸಬಹುದು ಎಂದು ತೋರಿಸಿದರು. ಮೂರು ವರ್ಷಗಳ ನಂತರ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಎದೆಯಲ್ಲಿ ಗಡ್ಡೆ ಬೆಳೆದಿದ್ದ ಪ್ಲಿಮತ್ ರಾಕ್ ತಳಿಯ ಕೋಳಿಯೊಂದು ಅವರ ಬಳಿ ಬಂದಿತ್ತು. ಅವರು ಗಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದಷ್ಟು ಸೂಕ್ಷ್ಮವಾದ ಫಿಲ್ಟರ್‌ನಲ್ಲಿ ಸೋಸಿ, ಆ ದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲೂ ಅದೇ ಬಗೆಯ ಗಡ್ಡೆ ಬೆಳೆಯಿತು.

ಕ್ಯಾನ್ಸರ್ ಅಂಟುರೋಗವಲ್ಲ ಎಂದು ನಂಬಿದ್ದ ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ರೌಸ್ ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, ಅವರ 87ನೇ ವಯಸ್ಸಿನಲ್ಲಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೋಳಿಯ ಈ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿಕೊಳ್ಳುವುದನ್ನು 1970ರಲ್ಲಿ ಹೊವರ್ಡ್ ಟೆಮಿನ್ ಕಂಡುಹಿಡಿದರು. ಡೇವಿಡ್ ಬಾಲ್ಟಿಮೋರ್ ಬೇರೆಯಾಗಿ ಸಂಶೋಧನೆ ನಡೆಸಿ ಇದೇ ತೀರ್ಮಾನಕ್ಕೆ ಬಂದಿದ್ದರು. 1975ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವೈರಸ್‌ನಲ್ಲಿರುವ ಕ್ಯಾನ್ಸರ್ ಜೀನ್ ಮೂಲತಃ ಆರೋಗ್ಯವಂತ ಕೋಳಿಯ ಜೀವಕೋಶದ್ದೇ ಎಂದು 1976ರಲ್ಲಿ ತೋರಿಸಿದ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ 1989ರಲ್ಲಿ ನೊಬೆಲ್ ಪಡೆದರು.

ಫಾರಂ ಮಾಲೀಕರ ನಿದ್ದೆಗೆಡಿಸಿದ ಮಾರೆಕ್ಸ್

ಪ್ರಯೋಗಾಲಯದಲ್ಲಿ ರೌಸ್ ವೈರಸ್ ಹೆಸರು ಮಾಡಿದರೆ, ಕೋಳಿ ಸಾಕಣೆದಾರರನ್ನು ಕಂಗೆಡಿಸಿದ್ದು ಮಾರೆಕ್ಸ್ ರೋಗ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ನಾಲ್ಕು ಹುಂಜಗಳಲ್ಲಿ ಕಾಲು, ರೆಕ್ಕೆಗಳ ಲಕ್ವವನ್ನು ದಾಖಲಿಸಿದ್ದರು. ರೋಗಕ್ಕೆ ಅವರದೇ ಹೆಸರು ಉಳಿಯಿತು.

ರೋಗ ತಗುಲಿದ ಕೋಳಿ ಒಂದು ಕಾಲನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಚಾಚಿ ಮಲಗುತ್ತದೆ. ಕೆಲವಕ್ಕೆ ಕಣ್ಣಿನ ಪಾಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ನರ, ಲಿವರ್, ಗುಲ್ಮಗಳಲ್ಲಿ ಗಡ್ಡೆ ಬೆಳೆಯುತ್ತದೆ. ಬ್ರಾಯ್ಲರ್ ಕೋಳಿಗಳ ಆಯುಷ್ಯವೇ ಕೆಲವು ವಾರಗಳಾದ್ದರಿಂದ, ಹೆಚ್ಚು ಕಾಲ ಸಾಕುವ ಮೊಟ್ಟೆ ಕೋಳಿಗಳಿಗೆ ಮತ್ತು ತಳಿ ಕೋಳಿಗಳಿಗೆ ಇದರ ಹೊಡೆತ ಜಾಸ್ತಿ.

ಇದಕ್ಕೆ ಕಾರಣ ಹರ್ಪಿಸ್ ಗುಂಪಿನ ವೈರಸ್ ಎಂದು 1967ರಲ್ಲಿ ಬ್ರಿಟನ್‌ನ ಚರ್ಚಿಲ್ ಮತ್ತು ಬಿಗ್ಸ್ ಪತ್ತೆ ಮಾಡಿದರು. ವೈರಸ್ ಕೋಳಿಯ ಗರಿಗಳ ಬುಡದಲ್ಲಿ ಬೆಳೆದು, ಚರ್ಮದ ಹೊಟ್ಟಿನ ಜತೆ ಉದುರಿ ಧೂಳಾಗುತ್ತದೆ. ಆ ಧೂಳನ್ನು ಉಸಿರಾಡಿದ ಕೋಳಿಗೆ ಸೋಂಕು ತಗಲುತ್ತದೆ. ಶೆಡ್‌ನ ಧೂಳಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಬಲ್ಲದು. ಮೊಟ್ಟೆಯ ಮೂಲಕ ಮಾತ್ರ ಮರಿಗೆ ಬರುವುದಿಲ್ಲ.

ಕ್ಯಾನ್ಸರ್ ವಿರುದ್ಧದ ಮೊದಲ ಯಶಸ್ವಿ ಲಸಿಕೆ

1969ರಲ್ಲಿ ಬ್ರಿಟನ್‌ನಲ್ಲಿ ಮೊದಲ ಲಸಿಕೆ ಸಿದ್ಧವಾಯಿತು. ಮರುವರ್ಷವೇ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಸರಳ ದಾರಿ ಕಂಡುಕೊಂಡರು. ಟರ್ಕಿ ಕೋಳಿಗಳಲ್ಲಿ ಮಾರೆಕ್ಸ್ ವೈರಸ್‌ನ ನಿರುಪದ್ರವಿ ಬಂಧುವೊಂದಿದೆ. ಅದನ್ನೇ ಮರಿಗಳಿಗೆ ಚುಚ್ಚಿದರೆ ಗಡ್ಡೆ ಬೆಳೆಯುವುದಿಲ್ಲ. 1971ರಿಂದ ಅಮೆರಿಕದಲ್ಲಿ ಈ ಲಸಿಕೆ ಬಳಕೆಗೆ ಬಂತು, ರೋಗದ ನಷ್ಟ ಗಣನೀಯವಾಗಿ ಇಳಿಯಿತು. ಕ್ಯಾನ್ಸರ್ ತಡೆಯಲು ವ್ಯಾಪಕವಾಗಿ ಬಳಕೆಯಾದ ಮೊದಲ ಲಸಿಕೆಗಳೆಂಬ ಹೆಗ್ಗಳಿಕೆ ಮಾರೆಕ್ಸ್ ಲಸಿಕೆಗಳದ್ದು. ಮನುಷ್ಯರ ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಂದದ್ದು ಇದಾಗಿ 35 ವರ್ಷಗಳ ನಂತರ, 2006ರಲ್ಲಿ.

ಈಗ ಹ್ಯಾಚರಿಗಳಲ್ಲಿ ಮರಿ ಹೊರಬಂದ ದಿನವೇ ಲಸಿಕೆ ಹಾಕುತ್ತಾರೆ. ದೊಡ್ಡ ಹ್ಯಾಚರಿಗಳಲ್ಲಿ ಕಾವಿನ 18ನೇ ದಿನದ ಹೊತ್ತಿಗೆ ಯಂತ್ರದ ಮೂಲಕ ಮೊಟ್ಟೆಯೊಳಗೇ ಚುಚ್ಚುವುದೂ ಇದೆ.

ಲಸಿಕೆಯ ಕೊರತೆ ಎಲ್ಲಿದೆ?

ಈ ಲಸಿಕೆ ರೋಗವನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿಗೂ ವೈರಸ್ ಅಂಟಬಹುದು, ಅದು ಆರೋಗ್ಯವಾಗಿ ಓಡಾಡುತ್ತಲೇ ವೈರಸ್ ಉದುರಿಸುತ್ತಿರಬಹುದು. ಇತ್ತ ದಶಕದಿಂದ ದಶಕಕ್ಕೆ ವೈರಸ್‌ನ ಉಗ್ರತೆ ಹೆಚ್ಚುತ್ತಾ ಬಂದಿದೆ. ಹಳೆಯ ಲಸಿಕೆ ಸಾಲದಾದಾಗ ಎರಡು ವೈರಸ್‌ಗಳ ಜೋಡಿ ಲಸಿಕೆ ಬಂತು. ನಂತರ ನೆದರ್‌ಲೆಂಡ್ಸ್ ಮೂಲದ ರಿಸ್ಪೆನ್ಸ್ ಲಸಿಕೆ ವ್ಯಾಪಕವಾಯಿತು.

ಈ ಉಗ್ರತೆಗೆ ಲಸಿಕೆಯೂ ಒಂದು ಕಾರಣವೇ? ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ರೀಡ್ ಮತ್ತು ಬ್ರಿಟನ್‌ನ ಪಿರ್‌ಬ್ರೈಟ್ ಸಂಸ್ಥೆಯ ವೇಣುಗೋಪಾಲ್ ನಾಯರ್ ಅವರ ತಂಡ 2015ರಲ್ಲಿ ಇದಕ್ಕೆ ಉತ್ತರ ಹುಡುಕಿತು. ಅತಿ ಉಗ್ರ ವೈರಸ್ ತಗುಲಿದ, ಲಸಿಕೆ ಇಲ್ಲದ ಕೋಳಿಗಳು ಸುಮಾರು 10 ದಿನಗಳಲ್ಲೇ ಸತ್ತವು. ವೈರಸ್ ಹರಡಲು ಅವುಗಳಿಗೆ ಸಮಯವೇ ಸಿಗಲಿಲ್ಲ. ಲಸಿಕೆ ಪಡೆದ ಕೋಳಿಗಳು ಬದುಕಿ, ವಾರಗಟ್ಟಲೆ ಅದೇ ಉಗ್ರ ವೈರಸ್ಸನ್ನು ಹೊರಹಾಕಿದವು. ಅಂದರೆ, ಕೋಳಿಯನ್ನು ಕೊಂದು ತಾನೂ ಅಳಿಯಬೇಕಿದ್ದ ವೈರಸ್‌ಗೆ ಉಳಿಯುವ ಅವಕಾಶ ಸಿಕ್ಕಿತು.

ಕೋವಿಡ್ ಕಾಲದಲ್ಲಿ ಕೆಲವರು ಇದೇ ಅಧ್ಯಯನವನ್ನು ತಿರುಚಿ, ಲಸಿಕೆಯೇ ಅಪಾಯ ಎಂದು ಪ್ರಚಾರ ಮಾಡಿದ್ದರು. ಅಧ್ಯಯನ ಹೇಳುವುದು ಅದನ್ನಲ್ಲ. ಆ ಪ್ರಯೋಗದಲ್ಲಿ ಪ್ರಾಣ ಹೋದದ್ದು ಲಸಿಕೆ ಇಲ್ಲದ ಕೋಳಿಗಳದ್ದು. ಉಗ್ರ ವೈರಸ್ ಸುತ್ತಲೂ ಇರುವಾಗ ಲಸಿಕೆ ಹಾಕದ ಹಿಂಡಿಗೇ ಅಪಾಯ ಹೆಚ್ಚು ಎನ್ನುವುದು ಅದರ ಪಾಠ.

ಲಸಿಕೆಯೇ ಇಲ್ಲದ ಇನ್ನೊಂದು ವೈರಸ್

ಏವಿಯನ್ ಲ್ಯೂಕೋಸಿಸ್ ವೈರಸ್‌ನ ಸ್ವಭಾವ ಬೇರೆ. ಇದು ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಬಳಕೆಯಲ್ಲಿರುವ ಲಸಿಕೆ ಇಲ್ಲ. ಹಾಗಾಗಿ ತಳಿ ಕಂಪನಿಗಳು ಮೊಟ್ಟೆಯ ಬಿಳಿಭಾಗವನ್ನು ಪರೀಕ್ಷಿಸಿ, ಸೋಂಕಿತ ಕೋಳಿಗಳನ್ನು ಹಿಂಡಿನಿಂದ ತೆಗೆದುಹಾಕುತ್ತವೆ. ಮೂಲ ಹಿಂಡು ಶುದ್ಧವಾದರೆ ಅದರ ಸಂತತಿಯೂ ಶುದ್ಧವಾಗಿ ಹುಟ್ಟುತ್ತದೆ. 1980ರ ದಶಕದ ಕೊನೆಯಲ್ಲಿ ಮಾಂಸದ ಕೋಳಿಗಳಲ್ಲಿ ಕಾಣಿಸಿಕೊಂಡ 'ಜೆ' ಉಪಗುಂಪನ್ನು ದೊಡ್ಡ ಕಂಪನಿಗಳು ಹತ್ತಿಕ್ಕಿದ್ದು ಹೀಗೆ. 2020ರಲ್ಲಿ ಜೆಕ್ ವಿಜ್ಞಾನಿಗಳು ಕ್ರಿಸ್ಪರ್ ತಂತ್ರದಿಂದ ಒಂದೇ ಜೀನ್‌ನಲ್ಲಿ ಸಣ್ಣ ಬದಲಾವಣೆ ಮಾಡಿ, 'ಜೆ' ವೈರಸ್ ಅಂಟದ ಕೋಳಿಗಳನ್ನು ರೂಪಿಸಿದರು.

ಮೊಟ್ಟೆ ತಿನ್ನುವವರಿಗೆ ಭಯವಿದೆಯೇ?

ಹಿಂದೆ ಕೋಳಿ ಮೊಟ್ಟೆಯಲ್ಲಿ ಬೆಳೆಸುತ್ತಿದ್ದ ಹಳದಿ ಜ್ವರದ ಲಸಿಕೆಯಲ್ಲಿ ಈ ಲ್ಯೂಕೋಸಿಸ್ ವೈರಸ್ ಸೇರಿಕೊಂಡಿತ್ತು. ಎರಡನೇ ಮಹಾಯುದ್ಧದ ವೇಳೆ ಅದನ್ನು ಪಡೆದ ಅಮೆರಿಕದ ಸೈನಿಕರ ಬಗ್ಗೆ 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಲಸಿಕೆಗೂ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಕೋಳಿ, ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಬೇಕು ಎನ್ನುವುದು ಸಾಲ್ಮೊನೆಲ್ಲಾದಂಥ ಬೇರೆ ಸೋಂಕುಗಳ ಕಾರಣಕ್ಕೆ ಇರುವ ಎಚ್ಚರಿಕೆ.

ನೀವು ಕೋಳಿ ಸಾಕುತ್ತಿದ್ದರೆ

* ಮರಿ ಕೊಳ್ಳುವಾಗ ಮಾರೆಕ್ಸ್ ಲಸಿಕೆ ಆಗಿದೆಯೇ ಎಂದು ಹ್ಯಾಚರಿಯವರನ್ನು ಕೇಳಿ. ಮನೆಯಲ್ಲೇ ಕಾವಿಗೆ ಕೂರಿಸಿ ಮಾಡಿದ ನಾಟಿ ಕೋಳಿ ಮರಿಗಳಿಗೆ ಈ ಲಸಿಕೆ ತಪ್ಪುವುದೇ ಹೆಚ್ಚು.
* ದ್ರವ ಸಾರಜನಕದಲ್ಲಿ ಇಡುವ ಲಸಿಕೆಯನ್ನು ಕರಗಿಸಿದ ಮೇಲೆ ಬೇಗ ಬಳಸದಿದ್ದರೆ ಅದರ ಶಕ್ತಿ ಹೋಗುತ್ತದೆ.
* ಲಸಿಕೆ ಕೆಲಸ ಶುರು ಮಾಡಲು ವಾರವಾದರೂ ಬೇಕು. ಅಲ್ಲಿಯವರೆಗೆ ಮರಿಗಳನ್ನು ದೊಡ್ಡ ಕೋಳಿಗಳಿಂದ ದೂರವಿಡಿ.
* ಹಳೆಯ ಹಿಂಡು ಖಾಲಿಯಾದ ಮೇಲೆ ಶೆಡ್‌ನ ಧೂಳು, ಹಳೆ ಹಾಸು ಪೂರ್ತಿ ತೆಗೆದು, ತೊಳೆದು, ಆಮೇಲೆ ಹೊಸ ಮರಿ ಬಿಡಿ.
* ಕಾಲು ಎಳೆಯುವ ಕೋಳಿ ಕಂಡರೆ ರಾಣಿಖೇತ್ ಇರಬಹುದೆಂದು ನೀವೇ ತೀರ್ಮಾನಿಸಬೇಡಿ, ಪಶುವೈದ್ಯರಿಗೆ ತೋರಿಸಿ. ಮಾರೆಕ್ಸ್ ಬಂದ ಮೇಲೆ ಅದಕ್ಕೆ ಚಿಕಿತ್ಸೆ ಇಲ್ಲ.