ಚಿಕಿತ್ಸಾ ನಿರ್ಧಾರ ಸಾಮರ್ಥ್ಯ

ಚಿಕಿತ್ಸಾ ನಿರ್ಧಾರ ಸಾಮರ್ಥ್ಯ ಎಂದರೆ ವೈದ್ಯರು ಸೂಚಿಸಿದ ಚಿಕಿತ್ಸೆಯನ್ನು ಅರಿತು, ಅದನ್ನು ಒಪ್ಪುವ ಅಥವಾ ನಿರಾಕರಿಸುವ ತೀರ್ಮಾನವನ್ನು ಸ್ವತಃ ಕೈಗೊಳ್ಳಲು ರೋಗಿಗೆ ಇರುವ ಶಕ್ತಿ. ಮಾನಸಿಕ ಕಾಯಿಲೆ ಇರುವವರಲ್ಲಿ ಇದನ್ನು ನಿರ್ಣಯಿಸುವುದು ಮನೋವೈದ್ಯರ ಅತಿ ಸೂಕ್ಷ್ಮ ಕೆಲಸಗಳಲ್ಲೊಂದು. ಸಾಮರ್ಥ್ಯವಿಲ್ಲವೆಂದು ತಪ್ಪಾಗಿ ನಿರ್ಣಯಿಸಿದರೆ ವ್ಯಕ್ತಿಯು ತನ್ನ ದೇಹದ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಾನೆ; ಇದೆಯೆಂದು ತಪ್ಪಾಗಿ ಭಾವಿಸಿದರೆ ಕಾಯಿಲೆಯು ಆಡಿಸಿದ ಮಾತೇ ಅವನ ಇಚ್ಛೆಯೆನಿಸಿಕೊಳ್ಳುತ್ತದೆ.

ಪರಿಶೀಲಿಸುವ ಅಂಶಗಳು

ಅಮೆರಿಕದ ಪಾಲ್ ಆಪಲ್‌ಬಾಮ್ ಮತ್ತು ಥಾಮಸ್ ಗ್ರಿಸ್ಸೊ ಅವರು ರೂಪಿಸಿದ ವಿಧಾನವು ನಾಲ್ಕು ಅಂಶಗಳನ್ನು ಪರಿಶೀಲಿಸುತ್ತದೆ: ಮಾಹಿತಿಯನ್ನು ಗ್ರಹಿಸುವುದು, ಅದು ತನಗೆ ಅನ್ವಯಿಸುತ್ತದೆಂದು ಮನಗಾಣುವುದು, ಆಯ್ಕೆಗಳನ್ನು ತೂಗಿನೋಡುವುದು, ತೀರ್ಮಾನವನ್ನು ತಿಳಿಸುವುದು. ಮನೋರೋಗಗಳಲ್ಲಿ ಎರಡನೆಯದೇ ಹೆಚ್ಚು ತೊಡಕಿನದು. ಔಷಧದ ಗುಣದೋಷಗಳನ್ನು ತಪ್ಪಿಲ್ಲದೆ ವಿವರಿಸಬಲ್ಲವನೂ ತನಗೆ ಕಾಯಿಲೆಯೇ ಇಲ್ಲವೆಂದು ದೃಢವಾಗಿ ನಂಬಿರಬಹುದು. ತೀವ್ರ ಖಿನ್ನತೆಯಲ್ಲಿರುವವರು ಎಲ್ಲವನ್ನೂ ಅರಿತಿದ್ದರೂ, ತಾವು ಗುಣವಾಗಲು ಅರ್ಹರಲ್ಲವೆಂಬ ಭಾವನೆಯಿಂದ ಚಿಕಿತ್ಸೆಯನ್ನು ಬೇಡವೆನ್ನಬಹುದು. ಸಾಮರ್ಥ್ಯವು ನಿರ್ದಿಷ್ಟ ತೀರ್ಮಾನಕ್ಕೂ ನಿರ್ದಿಷ್ಟ ಸಮಯಕ್ಕೂ ಸಂಬಂಧಿಸಿದ್ದು. ಇಂದು ಇಲ್ಲದ್ದು ಚಿಕಿತ್ಸೆಯ ನಂತರ ಮರಳಬಹುದು.

‘ಸಿ’ ಪ್ರಕರಣ

ರೋಗದ ಹೆಸರೇ ಸಾಮರ್ಥ್ಯದ ಅಳತೆಯಲ್ಲ ಎಂಬುದಕ್ಕೆ ಇಂಗ್ಲೆಂಡಿನ ಹೈಕೋರ್ಟು 1993ರಲ್ಲಿ ನೀಡಿದ ತೀರ್ಪು ಪ್ರಸಿದ್ಧ ನಿದರ್ಶನ. ಬ್ರಾಡ್‌ಮೂರ್ ಆಸ್ಪತ್ರೆಯಲ್ಲಿದ್ದ 68 ವರ್ಷದ ರೋಗಿಗೆ ಸ್ಕಿಜೋಫ್ರೇನಿಯಾ ಇತ್ತು; ತಾನು ವಿಶ್ವವಿಖ್ಯಾತ ವೈದ್ಯನೆಂಬ ಭ್ರಮೆಯೂ ಇತ್ತು. ಅವರ ಪಾದಕ್ಕೆ ಗ್ಯಾಂಗ್ರೀನ್ ತಗುಲಿದಾಗ, ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ಬದುಕುಳಿಯುವ ಸಾಧ್ಯತೆ ಶೇ. 15 ಮಾತ್ರ ಎಂದು ಶಸ್ತ್ರಚಿಕಿತ್ಸಕರು ಅಂದಾಜಿಸಿದರು. ರೋಗಿ ಒಪ್ಪಲಿಲ್ಲ. ಅವರು ಮಾಹಿತಿಯನ್ನು ಗ್ರಹಿಸಿ, ನಂಬಿ, ತೂಗಿನೋಡಿಯೇ ನಿರಾಕರಿಸಿದ್ದಾರೆಂದು ನ್ಯಾಯಮೂರ್ತಿ ಥೋರ್ಪ್ ತೀರ್ಪಿತ್ತರು. ಕಾಲನ್ನು ಕತ್ತರಿಸಲಿಲ್ಲ, ರೋಗಿ ಬದುಕುಳಿದರು.

ಭಾರತದ ಕಾನೂನು

ಭಾರತದಲ್ಲಿ ಈ ವಿಷಯವು 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ 4ನೇ ಸೆಕ್ಷನ್ನಿನ ವ್ಯಾಪ್ತಿಗೆ ಸೇರಿದೆ. ಮಾಹಿತಿಯನ್ನು ಅರಿಯುವ, ತೀರ್ಮಾನದ ಪರಿಣಾಮಗಳನ್ನು ಮನಗಾಣುವ ಅಥವಾ ಮಾತು, ಸನ್ನೆ ಮುಂತಾದವುಗಳಿಂದ ತೀರ್ಮಾನವನ್ನು ತಿಳಿಸುವ ಶಕ್ತಿಯುಳ್ಳವರಿಗೆ ಸಾಮರ್ಥ್ಯವಿದೆಯೆಂದು ಅದು ಭಾವಿಸುತ್ತದೆ. ಮಾಹಿತಿಯನ್ನು ರೋಗಿಗೆ ತಿಳಿಯುವ ಸರಳ ಭಾಷೆಯಲ್ಲೋ ಚಿತ್ರಗಳ ಮೂಲಕವೋ ನೀಡಬೇಕು. ಇತರರಿಗೆ ತಪ್ಪೆಂದು ತೋರುವ ತೀರ್ಮಾನವನ್ನು ಕೈಗೊಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲವೆನ್ನುವಂತಿಲ್ಲ.

ಈ ಸೆಕ್ಷನ್ನಿನಲ್ಲಿರುವ ‘ಅಥವಾ’ ಎಂಬ ಪದವು ಟೀಕೆಗೆ ಗುರಿಯಾಗಿದೆ. ಅಕ್ಷರಶಃ ಓದಿದರೆ ಮೂರರಲ್ಲಿ ಒಂದಿದ್ದರೂ ಸಾಕು. ಏನನ್ನೂ ಗ್ರಹಿಸದೆ ಬರಿದೇ ತಲೆಯಾಡಿಸಿದವರೂ ಸಮರ್ಥರೆನಿಸುತ್ತಾರೆ.

ಹೆಚ್ಚಿನ ಬೆಂಬಲ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯ ಮೇರೆಗೆ 30 ದಿನಗಳವರೆಗೆ ಆಸ್ಪತ್ರೆಗೆ ಸೇರಿಸಿಕೊಳ್ಳಲು 89ನೇ ಸೆಕ್ಷನ್ ಅವಕಾಶ ನೀಡುತ್ತದೆ. ಈ ಅವಧಿಯಲ್ಲಿ ಪ್ರತಿ ಏಳು ದಿನಗಳಿಗೊಮ್ಮೆಯೂ, ಅನಂತರ ದಾಖಲಾತಿಯನ್ನು ಮುಂದುವರಿಸಿದರೆ ಹದಿನೈದು ದಿನಗಳಿಗೊಮ್ಮೆಯೂ ರೋಗಿಯ ಸಾಮರ್ಥ್ಯವನ್ನು ಮರುಪರಿಶೀಲಿಸಬೇಕು.