ಗಾಳಕ್ಕೆ ಬಿದ್ದ ಹಾವುಮೀನಿನ ಲೆಕ್ಕ

ಬಯಸಿದ್ದು ಒಂದು, ಬಂದದ್ದು ಇನ್ನೊಂದು ಎಂಬ ಮಾತು ಹಾವುಮೀನಿಗೆ ಒಪ್ಪುವಷ್ಟು ಬೇರಾವ ಜಲಚರಕ್ಕೂ ಒಪ್ಪಲಾರದು. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯದು ಭದ್ರಾ ನಾಲೆಯ ನೀರು ಕಂಡ ಸೀಮೆ. ಸೂಳೆಕೆರೆ ಅಲ್ಲಿಂದ ದೂರವಲ್ಲ. ಆ ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಪಶ್ಚಿಮಕ್ಕೆ ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವುದೂ ಅದೇ ತುಂಗಭದ್ರೆ. ಇಂಥ ನೀರಿನಲ್ಲಿ ಎರೆಹುಳು ಚುಚ್ಚಿದ ಗಾಳವನ್ನು ಸಂಜೆ ತಳಕ್ಕೆ ಇಳಿಬಿಟ್ಟವರು ನಿರೀಕ್ಷಿಸುವುದು ಬಾಳೆಮೀನನ್ನೋ ಕೊರವವನ್ನೋ. ಬೆಳಗ್ಗೆ ಎಳೆದಾಗ ದಾರದ ತುದಿಯಲ್ಲಿ ಹಾವಿನಂಥದೊಂದು ಸುತ್ತಿಕೊಂಡಿರುತ್ತದೆ. ಮುಂದಿನದು ಸಾಮಾನ್ಯವಾಗಿ ಒಂದೇ ರೀತಿ: ಕಲ್ಲಿನಿಂದ ಒಂದೇಟು, ಇಲ್ಲವೇ ಗಾಳ ಸಮೇತ ದಡದ ಪೊದೆಗೆ ಎಸೆತ.

ಈ ಎಸೆತದಲ್ಲಿ ಒಂದು ಪ್ರಾಣಿಯಷ್ಟೇ ಅಲ್ಲ, ಒಂದು ಮಾಹಿತಿಯೂ ನಷ್ಟವಾಗುತ್ತದೆ ಎಂಬುದು ನನ್ನ ವಾದ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹಾವುಮೀನು ಎಂಬ ಒಂದೇ ಹೆಸರಿನಡಿ ನಮ್ಮಲ್ಲಿ ಕನಿಷ್ಠ ಎರಡು ಬೇರೆ ಬೇರೆ ಜೀವಿಗಳಿವೆ. ಒಂದಕ್ಕೆ ಮೂತಿ ಚೂಪು, ತುದಿಯಲ್ಲಿ ಪುಟ್ಟ ಸೊಂಡಿಲಿನಂಥ ಮಾಂಸದ ಕುಡಿ, ಬೆನ್ನ ಮೇಲೆ ಸಾಲಾಗಿ ಗಿಡ್ಡ ಮುಳ್ಳುಗಳು. ಕೆರೆ, ನಾಲೆ, ನದಿ ಎಲ್ಲೆಡೆಯೂ ಬದುಕುವ ಇದು ಹುಟ್ಟಿ ಸಾಯುವುದು ಸಿಹಿನೀರಿನಲ್ಲೇ. ವಿಜ್ಞಾನಿಗಳು ಮಾಸ್ಟಸೆಂಬೆಲಸ್ ಎನ್ನುವ ಈ ಮುಳ್ಳುಬೆನ್ನಿನ ಮೀನು ನಿಜವಾದ ಹಾವುಮೀನೇ ಅಲ್ಲ. ಇನ್ನೊಂದು ಆಂಗ್ವಿಲ್ಲಾ ಕುಲದ್ದು. ಭಾರತದ ನದಿಗಳಲ್ಲಿರುವ ಅದರ ಮುಖ್ಯ ಪ್ರಭೇದ ಆಂಗ್ವಿಲ್ಲಾ ಬೆಂಗಾಲೆನ್ಸಿಸ್. ಬೆನ್ನು ನುಣುಪು, ಮುಳ್ಳಿಲ್ಲ. ಹಳದಿ ಮಿಶ್ರಿತ ಕಂದು ಮೈಮೇಲೆ ಮಚ್ಚೆಗಳು. ಕೆಳದವಡೆ ಸ್ವಲ್ಪ ಮುಂದಕ್ಕೆ. ಬೆನ್ನಿನ ರೆಕ್ಕೆ ಬಾಲವನ್ನು ಬಳಸಿ ಹೊಟ್ಟೆಯ ಕಡೆಗೆ ಒಂದೇ ಅಂಚಾಗಿ ಸಾಗುತ್ತದೆ. ತಲೆಯ ಹಿಂದೆ ಎರಡು ಪುಟ್ಟ ರೆಕ್ಕೆಗಳು ಕಂಡರೆ ಅದು ಹಾವಲ್ಲ ಎಂದು ನಿಶ್ಚಿಂತರಾಗಬಹುದು. (ಬಲೆಗೆ ಬೀಳುವ ನೀರೊಳ್ಳೆಯೂ ವಿಷದ ಹಾವೇನಲ್ಲ, ಆದರೂ ಅದಕ್ಕೆ ಬೀಳುವ ಪೆಟ್ಟು ತಪ್ಪಿದ್ದಿಲ್ಲ.)

ನಿಜವಾದ ಹಾವುಮೀನಿನ ಜೀವನಚರಿತ್ರೆ ಇತರ ಮೀನುಗಳದಕ್ಕೆ ತಿರುಗುಮುರುಗು. ಅದು ಮೊಟ್ಟೆಯಿಡುವುದು ಸಮುದ್ರದಲ್ಲಿ, ಬೆಳೆಯುವುದು ನದಿಯಲ್ಲಿ. ಗಾಜಿನಂತೆ ಪಾರದರ್ಶಕವಾದ ಮರಿಗಳು ನದೀಮುಖವನ್ನು ಹೊಕ್ಕು ಮೇಲೇರುತ್ತವೆ, ವರ್ಷಗಟ್ಟಲೆ ಸಿಹಿನೀರಿನಲ್ಲಿದ್ದು, ಬಲಿತ ಮೇಲೆ ಮತ್ತೆ ಕಡಲಿಗಿಳಿದು ಒಂದೇ ಸಲ ಸಂತಾನ ಬಿಟ್ಟು ಸಾಯುತ್ತವೆ. ಈ ಮೀನು ಕೆಸರಿನಿಂದ ತಾನಾಗಿ ಹುಟ್ಟುತ್ತದೆಂದು ಅರಿಸ್ಟಾಟಲ್ ನಂಬಿದ್ದ. ಯುರೋಪಿನ ಹಾವುಮೀನು ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತದೆಂದು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ ತೋರಿಸಿಕೊಡಲು 1920ರ ದಶಕ ಬರಬೇಕಾಯಿತು.

ತುಂಗಭದ್ರೆಯ ಮೇಲ್ಭಾಗಕ್ಕೆ ಅಂಥ ಒಂದು ಮರಿ ಕಡಲಿನಿಂದ ಬರಬೇಕಾದರೆ ದಾರಿ ಹೇಗಿದೆ ನೋಡಿ. ಕೃಷ್ಣಾ ನದಿಯ ಮುಖದಲ್ಲಿ ಹೊಕ್ಕರೆ ಮೊದಲು ವಿಜಯವಾಡದ ಪ್ರಕಾಶಂ ಬ್ಯಾರೇಜ್, ಆಮೇಲೆ ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ. ಅಲ್ಲಿಂದ ತುಂಗಭದ್ರೆಗೆ ಹೊರಳಿದರೆ ಸುಂಕೇಶುಲ, ರಾಜೋಳಿಬಂಡಾ. ನಂತರ 1953ರಲ್ಲಿ ನೀರು ತುಂಬಿಕೊಂಡ ಹೊಸಪೇಟೆಯ ಅಣೆಕಟ್ಟೆ. ಅದರ ಮೇಲೆ ಸಿಂಗಟಾಲೂರು ಬ್ಯಾರೇಜ್. ಹಾವುಮೀನಿನ ಮರಿಗಳು ಒದ್ದೆಯಾದ ಒರಟು ಗೋಡೆಯನ್ನು ತೆವಳಿ ಹತ್ತಬಲ್ಲವು, ನಿಜ. ಆದರೆ ಹೊಸಪೇಟೆಯಂಥ ಎತ್ತರದ ಕಟ್ಟೆಯನ್ನು ಹತ್ತುವುದು ಬೇರೆ ಮಾತು. ಹತ್ತಿದರೂ ಇಳಿಯುವಾಗ ವಿದ್ಯುದಾಗಾರದ ಟರ್ಬೈನುಗಳಿವೆ. ಉದ್ದ ದೇಹದ ಈ ಮೀನಿಗೆ ಅವು ಗಿಡ್ಡ ಮೀನುಗಳಿಗಿಂತ ಹೆಚ್ಚು ಮಾರಕ.

ಅಣೆಕಟ್ಟೆಗಳನ್ನು ಕಟ್ಟಬಾರದಿತ್ತು ಎಂದು ಹೇಳುವವನು ನಾನಲ್ಲ. ನಾಲೆಯ ನೀರಿಲ್ಲದ ದಾವಣಗೆರೆ ಸೀಮೆಯನ್ನು ಊಹಿಸಿಕೊಳ್ಳುವುದೂ ಕಷ್ಟ. ಆದರೆ ಯೋಜನೆಯ ಲಾಭ–ವೆಚ್ಚದ ಪಟ್ಟಿಯಲ್ಲಿ ಮಾರುಕಟ್ಟೆ ಬೆಲೆಯಿಲ್ಲದ ಬಾಬತ್ತುಗಳು ಸೊನ್ನೆಯಾಗಿಯೇ ಉಳಿಯುತ್ತವೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಎದ್ದ ಮೇಲೆ ಕಾವೇರಿಯ ಹಿಲ್ಸಾ ಮೀನು ಕುಸಿಯಿತು. ಅದು ದಾಖಲೆಗೆ ಬಂತು, ಏಕೆಂದರೆ ಹಿಲ್ಸಾ ಪೇಟೆಯ ಮೀನು. ಬೇಡದ ಮೀನು ಕಣ್ಮರೆಯಾದರೆ ಯಾರೂ ಕೇಳುವುದಿಲ್ಲ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಲೆಕ್ಕ ಸರ್ಕಾರಿ ಕಡತಗಳಲ್ಲಿ ಟನ್ನುಗಳಲ್ಲಿ ಸಿಗುತ್ತದೆ. ಉಳಿದವುಗಳ ಪಾಲಿಗೆ ಸಾಮಾನ್ಯವಾಗಿ ‘ಇತರೆ’ ಎಂಬ ಕೊನೆಯ ಕಲಂ. ಇದೇ ನದಿಯ ಮೇಲ್ಭಾಗದ ಶೃಂಗೇರಿಯಲ್ಲಿ ಮೀನುಗಳಿಗೆ ಭಕ್ತರು ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಹಾವುಮೀನಿಗೆ ಪೇಟೆಯೂ ಇಲ್ಲ, ದೇವರೂ ಇಲ್ಲ.

ಲೆಕ್ಕವಿಟ್ಟರೆ ಏನಾಗುತ್ತದೆಂಬುದಕ್ಕೆ ಯುರೋಪಿನ ಉದಾಹರಣೆಯಿದೆ. ನೆದರ್‌ಲೆಂಡ್ಸ್‌ನ ಡೆನ್ ಊವರ್ ಎಂಬಲ್ಲಿ ಸಮುದ್ರದ ಕಟ್ಟೆಯ ತೂಬಿನ ಬಳಿ 1938ರಿಂದಲೂ ವಸಂತಕಾಲದ ರಾತ್ರಿಗಳಲ್ಲಿ ಬಲೆ ಎತ್ತಿ ಹಾವುಮೀನಿನ ಮರಿಗಳನ್ನು ಎಣಿಸುತ್ತ ಬಂದರು. ಇದಕ್ಕಿಂತ ಬೇಸರದ ಕೆಲಸ ಇರಲಿಕ್ಕಿಲ್ಲ. ಆದರೆ ಇಂಥ ದೀರ್ಘ ದಾಖಲೆಗಳಿಂದಲೇ 1980ರ ದಶಕದಿಂದೀಚೆಗೆ ಮರಿಗಳ ಆಗಮನ ಶೇ 90ಕ್ಕಿಂತ ಹೆಚ್ಚು ಕುಸಿದಿದೆ ಎಂಬುದು ಸಾಬೀತಾಯಿತು. 2007ರಲ್ಲಿ ಯುರೋಪಿಯನ್ ಒಕ್ಕೂಟ ನಿಯಮವನ್ನೇ ಮಾಡಿತು. ಮನುಷ್ಯನ ಹಸ್ತಕ್ಷೇಪವಿಲ್ಲದಿದ್ದರೆ ಕಡಲಿಗೆ ಮರಳುತ್ತಿದ್ದ ಬಲಿತ ಮೀನುಗಳ ಪೈಕಿ ಕನಿಷ್ಠ ಶೇ 40ರಷ್ಟಾದರೂ ಮರಳುವಂತೆ ಸದಸ್ಯ ದೇಶಗಳು ಯೋಜನೆ ರೂಪಿಸಬೇಕೆಂಬುದು ಅದರ ಗುರಿ.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯ್ದೆಯೇ ಅಪರಾಧವೆಂದಿತು. ಆದರೆ ಬಯಸದೆ ಗಾಳಕ್ಕೆ ಬಿದ್ದ ಮೀನನ್ನು ಕಾನೂನಿನಿಂದ ಉಳಿಸಲಾಗದು. ಅದು ಗಾಳ ಹಿಡಿದವನ ಕೈಯಲ್ಲೇ ಇದೆ. ಆ ಕೈಗೆ ತೊಂದರೆಯಾಗುತ್ತದೆಂಬುದನ್ನೂ ಒಪ್ಪಬೇಕು. ಹಾವುಮೀನು ಗಾಳವನ್ನು ಹೊಟ್ಟೆಯವರೆಗೆ ನುಂಗುತ್ತದೆ, ದಾರಕ್ಕೆ ಮೈ ಸುತ್ತಿ ಗಂಟು ಹಾಕುತ್ತದೆ, ಲೋಳೆಯಿಂದ ಎಲ್ಲವನ್ನೂ ಅಂಟಂಟಾಗಿಸುತ್ತದೆ. ಒಣಗೈಯಿಂದ ಬಿಗಿ ಹಿಡಿದಷ್ಟೂ ಅದರ ಹೊರಳಾಟ ಹೆಚ್ಚು. ಒದ್ದೆ ಬಟ್ಟೆಯ ಮೇಲೆ ಅಂಗಾತ ಮಲಗಿಸಿದರೆ ಬಹುಮಟ್ಟಿಗೆ ಶಾಂತವಾಗುತ್ತದೆಂಬುದು ಗಾಳದವರ ಅನುಭವ. ಒಳಗೆ ಸೇರಿದ ಗಾಳವನ್ನು ಕೀಳಲು ಹೋದರೆ ಕರುಳೇ ಹರಿಯುತ್ತದೆ. ಬಾಯಿಯ ಸಮೀಪ ದಾರ ಕತ್ತರಿಸಿ ನೀರಿಗೆ ಬಿಟ್ಟರೆ ಬದುಕುವ ಸಾಧ್ಯತೆ ಹೆಚ್ಚು. ನಷ್ಟ ಒಂದು ಗಾಳ ಮಾತ್ರ. ಅದರ ಹಸಿ ರಕ್ತದಲ್ಲಿ ವಿಷಾಂಶವಿದೆ. ಬೇಯಿಸಿದರೆ ನಾಶವಾಗುವ ಅದು ಗಾಯಕ್ಕಾಗಲಿ ಕಣ್ಣಿಗಾಗಲಿ ತಗುಲಬಾರದು. ಮುಳ್ಳುಬೆನ್ನಿನದಾದರೆ ಅಂಗೈ ಜೋಪಾನ. ಇನ್ನು ಹಾವುಮೀನು ಬೇಡವೇ ಬೇಡ ಎನ್ನುವವರು ರಾತ್ರಿ ತಳಕ್ಕೆ ಎರೆಹುಳು ಬಿಡುವುದನ್ನು ನಿಲ್ಲಿಸಿ, ಗಾಳವನ್ನು ತಳದಿಂದ ಒಂದೆರಡು ಅಡಿ ಮೇಲೆ ತೂಗುಬಿಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ.

ಬಿಡುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಲು ಅರ್ಧ ನಿಮಿಷ ಸಾಕು. ಅಳತೆಗೆಂದು ಪಕ್ಕದಲ್ಲೊಂದು ಬೆಂಕಿಪೊಟ್ಟಣ, ಬೆನ್ನು ಸ್ಪಷ್ಟವಾಗಿ ಕಾಣುವಂತೆ. ನದಿತೀರದ ಮೀನುಗಾರರ ಸಹಕಾರ ಸಂಘಗಳು ತಮ್ಮ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕೆ ಮೀಸಲಿಟ್ಟು ದಿನಾಂಕ, ಸ್ಥಳ, ಉದ್ದ, ಮುಳ್ಳು ಇದೆಯೋ ಇಲ್ಲವೋ ಎಂಬಷ್ಟನ್ನೇ ಬರೆದಿಟ್ಟರೂ ಆದೀತು. ಮೀನುಗಾರಿಕಾ ಇಲಾಖೆ ವರ್ಷಕ್ಕೊಮ್ಮೆ ಆ ಪುಟವನ್ನು ತರಿಸಿಕೊಳ್ಳಲು ಹೊಸ ಹುದ್ದೆಯೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಬಲಿತ ಹಾವುಮೀನು ಕಡಲಿನತ್ತ ಹೊರಡುವುದು ನದಿ ತುಂಬಿ ಹರಿಯುವ ದಿನಗಳಲ್ಲಿ. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ, ಹೊನ್ನಾಳಿಯಿಂದ ಹರಿಹರದವರೆಗಿನ ದಡದಲ್ಲಿ, ಆ ಪುಟಕ್ಕೆ ಗೆರೆ ಹಾಕಿಡುವುದು ಅನುಕೂಲ.