ವೇಗವೂ ಕಾಲಕ್ರಮವೂ: ಹ್ಯಾಸ್ಕೆಲ್‌ನ ಒಂದು ಲಾಗಿಂಗ್ ಲೈಬ್ರರಿ

ವೆಬ್ ಸರ್ವರ್ ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಸಮಯ, ವಿಳಾಸ ಮತ್ತು ಫಲಿತಾಂಶಗಳೊಡನೆ ಕಡತವೊಂದರಲ್ಲಿ ದಾಖಲಿಸುವ ಕ್ರಿಯೆಯೇ ಲಾಗಿಂಗ್. ದೋಷದ ಮೂಲವನ್ನು ಹುಡುಕುವವರಿಗೆ ಈ ಕಡತವೇ ಮುಖ್ಯ ಆಧಾರವಾದರೂ, ದಾಖಲಿಸುವ ಕೆಲಸವೇ ನಿಧಾನವಾದರೆ ಸರ್ವರ್ ಕೂಡ ಕುಂಟುತ್ತದೆ. 1990ರಲ್ಲಿ ರೂಪು ತಳೆದ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ತೊಡಕಿನ ನಿವಾರಣೆಗಾಗಿ ಜಪಾನಿನ ಕಾಜು ಯಮಾಮೊಟೊ ರಚಿಸಿದ ಲೈಬ್ರರಿಯೇ ಫಾಸ್ಟ್-ಲಾಗರ್.

ಕಡತಕ್ಕೆ ಬರೆಯಲು ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ನ ನೆರವನ್ನು ಕೇಳಬೇಕಾಗುತ್ತದೆ. ಸಿಸ್ಟಮ್ ಕಾಲ್ ಎನಿಸುವ ಈ ಕ್ರಿಯೆ ದುಬಾರಿಯಾದ್ದರಿಂದ, ಸಾಲುಗಳನ್ನು ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಕೂಡಿಟ್ಟು, ಅದು ತುಂಬಿದಾಗ ಒಟ್ಟಿಗೆ ಬರೆಯಲಾಗುತ್ತದೆ. ಫಾಸ್ಟ್-ಲಾಗರ್‌ನಲ್ಲಿ ಬಫರ್‌ನ ರೂಢಿಯ ಗಾತ್ರ 4096 ಬೈಟ್. ಪ್ರೊಸೆಸರ್‌ನ ಹಲವು ಕೋರ್‌ಗಳು ಒಂದೇ ಬಫರ್‌ಗಾಗಿ ಕಾಯುವ ಸ್ಥಿತಿಯನ್ನು ತಪ್ಪಿಸಲು ಪ್ರತಿ ಕೋರ್‌ಗೂ ಬೇರೆ ಬಫರ್ ಇರಿಸಲಾಯಿತು.

ವೇಗ ದೊರೆತದ್ದು ಇದರಿಂದಲೇ, ಕಾಲಕ್ರಮ ತಪ್ಪಿದ್ದೂ ಇದರಿಂದಲೇ. ಮೊದಲು ನಡೆದ ಘಟನೆಯ ಸಾಲು ಇನ್ನೂ ತುಂಬದ ಬಫರ್‌ನಲ್ಲಿ ಉಳಿದು, ಆಮೇಲಿನದು ತುಂಬಿದ ಬಫರ್‌ನಿಂದ ಮುಂಚೆಯೇ ಕಡತ ಸೇರಬಹುದು. ಸಮಯವನ್ನು ನೋಡಿ ಸಾಲುಗಳನ್ನು ಮರುಜೋಡಿಸುವುದೂ ಸುಲಭವಲ್ಲ. ಸಮಯದ ಪಠ್ಯವನ್ನು ರೂಪಿಸುವ ಶ್ರಮ ಉಳಿಸಲು ಲೈಬ್ರರಿ ಅದನ್ನು ಸೆಕೆಂಡಿಗೊಮ್ಮೆ ಮಾತ್ರ ನವೀಕರಿಸುವ ಸೌಲಭ್ಯವನ್ನು ಒದಗಿಸುವುದರಿಂದ, ಅದನ್ನು ಬಳಸಿದಾಗ ಒಂದೇ ಸೆಕೆಂಡಿನ ಅನೇಕ ಸಾಲುಗಳು ಒಂದೇ ಸಮಯವನ್ನು ಹೊತ್ತಿರುತ್ತವೆ.

ಈ ಕೊರತೆಯನ್ನು ನೀಗಲು ಸೇರಿಸಿದ ಸೌಲಭ್ಯವೇ ಏಕ-ಬಫರ್ ಲಾಗರ್. ಇದರಲ್ಲಿ ಎಲ್ಲ ಥ್ರೆಡ್‌ಗಳು, ಅಂದರೆ ಏಕಕಾಲದಲ್ಲಿ ಸಾಗುವ ಕಾರ್ಯಧಾರೆಗಳು, ತಮ್ಮ ಸಾಲುಗಳನ್ನು ನಡುವೆ ಭಂಗ ಬಾರದ ಅಟಾಮಿಕ್ ಕ್ರಿಯೆಯ ಮೂಲಕ ಒಂದೇ ಸರತಿಗೆ ಸೇರಿಸುತ್ತವೆ. ಬರೆಯುವ ಹೊಣೆಯನ್ನು ಪ್ರತ್ಯೇಕ ಥ್ರೆಡ್ ಒಂದೇ ಹೊರುವುದರಿಂದ ಕ್ರಮ ಕೆಡುವುದಿಲ್ಲ. ಹಳೆಯ ಮತ್ತು ಹೊಸ ವಿಧಾನಗಳನ್ನು ಒಂದೇ ಡೇಟಾ ಟೈಪ್‌ನ ಎರಡು ರೂಪಗಳಾಗಿ ಘೋಷಿಸಿದರೆ, ಯಾವ ಭಾಗದಲ್ಲಾದರೂ ಒಂದು ರೂಪವನ್ನು ನಿರ್ವಹಿಸುವುದು ಮರೆತುಹೋದಾಗ ಹ್ಯಾಸ್ಕೆಲ್ ಕಂಪೈಲರ್ ಎಚ್ಚರಿಕೆ ನೀಡಬಲ್ಲದು. ಸಾಲನ್ನು ಲಾಗರ್‌ಗೆ ಒಪ್ಪಿಸುವ ಫಂಕ್ಷನ್ ಎರಡಕ್ಕೂ ಒಂದೇ ಆದ್ದರಿಂದ, ಅದನ್ನು ಕರೆಯುವ ಪ್ರೋಗ್ರಾಂಗಳನ್ನು ತಿದ್ದಬೇಕಾಗಿಲ್ಲ.

ಒಂದೇ ಸರತಿಗಾಗಿ ಕೋರ್‌ಗಳು ಪೈಪೋಟಿ ನಡೆಸುವುದರಿಂದ ಈ ಕ್ರಮಪಾಲನೆಗೂ ಬೆಲೆಯುಂಟು. ಹಾಗಾಗಿ ಅದನ್ನು ಎಲ್ಲರ ಮೇಲೆ ಹೇರದೆ ಆಯ್ಕೆಯಾಗಿ ಇರಿಸಿದ್ದು ಸರಿಯಾದ ನಿರ್ಧಾರ. ಹೊಸ ಸೌಲಭ್ಯದ ವೆಚ್ಚವನ್ನು ಅದನ್ನು ಬಳಸುವವರು ಮಾತ್ರ ಭರಿಸುವಂತಿರಬೇಕು ಎಂಬ ತತ್ತ್ವವನ್ನು ಲೈಬ್ರರಿ ರಚಿಸುವ ಪ್ರತಿಯೊಬ್ಬರೂ ಪಾಲಿಸಬೇಕು.